ಮನೆಗೆ ಮರಳಿದ ಬಿಯರ್

1963ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಮಂಡಿಸಿದ ಬಜೆಟ್ಟಿನಲ್ಲಿ ಒಂದು ಸಣ್ಣ ಅಂಶವಿತ್ತು. ಸ್ವಂತ ಬಳಕೆಗೆಂದು ಮನೆಯಲ್ಲಿ ಬಿಯರ್ ಮಾಡಿಕೊಳ್ಳುವವರು ಇನ್ನು ಮುಂದೆ ಪರವಾನಗಿ ಪಡೆಯಬೇಕಾಗಿಲ್ಲ, ಸುಂಕವನ್ನೂ ಕಟ್ಟಬೇಕಾಗಿಲ್ಲ. ಮಾಡಿದ್ದನ್ನು ಮಾರುವಂತಿಲ್ಲ, ಅಷ್ಟೆ. 1880ರಿಂದ ನಡೆದು ಬಂದಿದ್ದ ನಿಯಮವೊಂದು ಹೀಗೆ ಹೆಚ್ಚು ಸದ್ದಿಲ್ಲದೆ ಕೊನೆಗೊಂಡಿತು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಔಷಧಿ ಅಂಗಡಿಗಳ ಕಪಾಟಿನಲ್ಲಿ ಕೆಮ್ಮಿನ ಸಿರಪ್ಪಿನ ಪಕ್ಕದಲ್ಲೇ ಬಿಯರ್ ಕಿಟ್ಟುಗಳು ಕಾಣಿಸಿಕೊಂಡವು. ಒಂದು ಡಬ್ಬಿ ಮಾಲ್ಟ್ ಪಾಕ, ಒಂದು ಚೀಟಿ ಯೀಸ್ಟ್, ಒಂದು ಹಾಳೆ ಸೂಚನೆ. ಮನೆಯಲ್ಲಿರುವ ಸಕ್ಕರೆ, ನೀರು, ದೊಡ್ಡದೊಂದು ಬಕೆಟ್ ಸೇರಿದರೆ ಸುಮಾರು 23 ಲೀಟರ್ ಬಿಯರ್.

ಸಾವಿರಾರು ವರ್ಷ ಮನೆಯಲ್ಲೇ ಆಗುತ್ತಿದ್ದ ಕೆಲಸಕ್ಕೆ ಮನೆಯವರು ಅನುಮತಿ ಕೇಳುವ ಸ್ಥಿತಿ ಏಕೆ ಬಂತು? ಅದು ಮನೆಗೆ ಮರಳಿದಾಗ ಯಾರ ಕೈಗೆ ಬಂತು? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿದರೆ ಬಿಯರಿನ ಚರಿತ್ರೆಯ ಜೊತೆಗೆ ತೆರಿಗೆಯ, ಹೆಣ್ಣಿನ ದುಡಿಮೆಯ ಮತ್ತು ಬಡವರ ಅಡುಗೆಮನೆಯ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ಮೊದಲು ಕೆಲಸದ ಬಗೆಯನ್ನು ತಿಳಿದುಕೊಳ್ಳೋಣ. ನಮ್ಮ ಮನೆಗಳಲ್ಲಿ ರಾಗಿ ಮಾಲ್ಟ್ ಮಾಡಿದವರಿಗೆ ಇದರ ಅರ್ಧ ದಾರಿ ಗೊತ್ತೇ ಇದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತೇವೆ. ಬಾರ್ಲಿಯನ್ನೂ ಹೀಗೆಯೇ ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬಲ್ಲವು. ಮಾಲ್ಟನ್ನು ತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ನೀರಿನಲ್ಲಿ ಒಂದು ಗಂಟೆ ನೆನೆಯಲು ಬಿಟ್ಟರೆ ಪಿಷ್ಟ ಸಿಹಿಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಬೇಕು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಉಳಿದದ್ದು ಕಾಯುವ ಕೆಲಸ.

ಇದರಲ್ಲಿ ಕಾರ್ಖಾನೆಯೇ ಆಗಬೇಕೆನ್ನುವ ಹಂತ ಒಂದೂ ಇಲ್ಲ. ಮಧ್ಯಯುಗದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದು ರೊಟ್ಟಿ ಸುಡುವ, ಹಾಲು ಕರೆಯುವ ಕೆಲಸಗಳ ಸಾಲಿಗೆ ಸೇರಿತ್ತು. ಹೆಚ್ಚಾಗಿ ಹೆಂಗಸರೇ ಮಾಡುತ್ತಿದ್ದರು. ಆಗಿನ ಪೇಯ ಹಾಪ್ಸ್ ಇಲ್ಲದ ಏಲ್. ಕೆಲವು ದಿನಗಳಲ್ಲೇ ಹುಳಿಯಾಗುತ್ತಿದ್ದ ಕಾರಣ ಕೂಡಿಡುವಂತಿರಲಿಲ್ಲ, ದೂರ ಸಾಗಿಸುವಂತೆಯೂ ಇರಲಿಲ್ಲ. ಒಬ್ಬಾಕೆ ಈ ವಾರ ಮಾಡಿ ಮನೆಗಾಗಿ ಮಿಕ್ಕದ್ದನ್ನು ನೆರೆಯವರಿಗೆ ಮಾರುತ್ತಿದ್ದಳು. ಮುಂದಿನ ವಾರ ಇನ್ನೊಬ್ಬಾಕೆಯ ಸರದಿ. ಇವರ ಹೆಸರುಗಳು ಇಂದು ನಮಗೆ ತಿಳಿದಿರುವುದು ಒಂದು ವಿಚಿತ್ರ ಕಾರಣಕ್ಕೆ. ಹದಿಮೂರನೆಯ ಶತಮಾನದಲ್ಲಿ ರೊಟ್ಟಿ ಮತ್ತು ಏಲಿನ ಬೆಲೆ, ಅಳತೆ, ಗುಣಮಟ್ಟಗಳನ್ನು ಗೊತ್ತುಪಡಿಸುವ ಕಾನೂನು ಬಂತು. ಅದನ್ನು ಮೀರಿದವರಿಗೆ ಊರ ನ್ಯಾಯಸ್ಥಾನ ದಂಡ ಹಾಕುತ್ತಿತ್ತು. ಏಲ್ ಮಾರಿದವರೆಲ್ಲ ಸಾಲಾಗಿ ದಂಡ ಕಟ್ಟಿದ ಪಟ್ಟಿಗಳು ಉಳಿದುಕೊಂಡಿವೆ. ಅದು ಹೆಸರಿಗೆ ದಂಡ, ನಡತೆಯಲ್ಲಿ ಪರವಾನಗಿ ಶುಲ್ಕ. ಇಂಥ ದಾಖಲೆಗಳನ್ನು ಜಾಲಾಡಿದ ಇತಿಹಾಸಕಾರ್ತಿ ಜುಡಿತ್ ಬೆನೆಟ್, 1996ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಹೆಂಗಸರು ಕಸುಬಿನಿಂದ ಹೇಗೆ ಹೊರಬಿದ್ದರೆಂದು ವಿವರಿಸಿದ್ದಾರೆ.

ಹೊರಬೀಳಲು ಮುಖ್ಯ ಕಾರಣಗಳಲ್ಲಿ ಒಂದು, ಆ ಹಾಪ್ಸ್ ಹೂವು. ಯುರೋಪಿನ ತಗ್ಗುನಾಡುಗಳಿಂದ ಹದಿನೈದನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೂರಿದ ಹಾಪ್ಸ್ ಹಾಕಿದ ಬಿಯರ್ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಕೆಡದ ಸರಕನ್ನು ಒಮ್ಮೆಗೇ ಹೆಚ್ಚು ಮಾಡಬಹುದು, ಹಡಗಿಗೆ ಏರಿಸಬಹುದು, ಸೈನ್ಯಕ್ಕೆ ಒದಗಿಸಬಹುದು. ಅದಕ್ಕೆ ದೊಡ್ಡ ಹಂಡೆ ಬೇಕು, ಸೌದೆ ಬೇಕು, ಸಾಲ ಬೇಕು, ಕೂಲಿಯಾಳು ಬೇಕು. ಆ ಕಾಲದ ಹೆಂಗಸಿಗೆ, ಅದರಲ್ಲೂ ಮದುವೆಯಾದವಳಿಗೆ, ತನ್ನ ಹೆಸರಿನಲ್ಲಿ ಬಂಡವಾಳ ಹೂಡುವುದಾಗಲಿ ಕರಾರು ಮಾಡಿಕೊಳ್ಳುವುದಾಗಲಿ ಸುಲಭವಿರಲಿಲ್ಲ. ಕಸುಬಿನಲ್ಲಿ ಲಾಭ ಹೆಚ್ಚಾದಷ್ಟೂ ಅದು ಗಂಡಸರ ಸಂಘಗಳ ಕಡೆಗೆ ಜಾರಿತು. ಹೂವು ಮಾಡಿದ ತಪ್ಪೇನೂ ಇಲ್ಲ. ಹೂವಿನ ಲಾಭ ಯಾರಿಗೆ ಸಿಗಬೇಕೆಂದು ಸಮಾಜ ಮೊದಲೇ ತೀರ್ಮಾನಿಸಿಬಿಟ್ಟಿತ್ತು.

ಮಾರುವ ಕೆಲಸ ಕೈತಪ್ಪಿದ ಮೇಲೂ ಮನೆಮಟ್ಟಿಗೆ ಮಾಡಿಕೊಳ್ಳುವುದು ಬಹುಕಾಲ ಉಳಿದಿತ್ತು. ಅದನ್ನು ಸವೆಸಿದ್ದು ತೆರಿಗೆ. 1697ರಲ್ಲಿ ಇಂಗ್ಲೆಂಡ್ ಮಾಲ್ಟ್ ಮೇಲೆ ಸುಂಕ ಹಾಕಿತು. ಮುಂದಿನ ಯುದ್ಧಗಳ ಖರ್ಚಿಗೆ ಅದು ಏರುತ್ತ ಹೋಯಿತು. ಇತ್ತ ಲಂಡನ್ನಿನ ದೊಡ್ಡ ಭಟ್ಟಿಗಳು ಉಗಿಯಂತ್ರಗಳನ್ನು ತಂದವು. ವಿಟ್‌ಬ್ರೆಡ್ ಕಂಪನಿ 1785ರಲ್ಲೇ ಜೇಮ್ಸ್ ವ್ಯಾಟ್‌ನ ಯಂತ್ರವನ್ನು ಕೂರಿಸಿತ್ತು. ಅಲ್ಲಿಯ ಒಂದು ಪೀಪಾಯಿಗೆ ತಗಲುವ ಖರ್ಚಿಗೂ ಹಳ್ಳಿಯ ಗುಡಿಸಿಲಿನಲ್ಲಿ ತಗಲುವ ಖರ್ಚಿಗೂ ಹೋಲಿಕೆಯೇ ಇರಲಿಲ್ಲ.

ಈ ಬದಲಾವಣೆಯನ್ನು ಕಂಡು ಸಿಟ್ಟಿಗೆದ್ದವನು ವಿಲಿಯಂ ಕಾಬೆಟ್. ರೈತನ ಮಗನಾಗಿ ಹುಟ್ಟಿ ಪತ್ರಕರ್ತನಾದ ಈತ 1821-22ರಲ್ಲಿ ಬಿಡಿ ಭಾಗಗಳಾಗಿ ಹೊರತಂದ ‘ಕಾಟೇಜ್ ಎಕಾನಮಿ’ ಎಂಬ ಪುಸ್ತಕ ಕೂಲಿಕಾರರ ಕುಟುಂಬಗಳಿಗಾಗಿ ಬರೆದದ್ದು. ಹಸು ಸಾಕುವುದು, ಹಂದಿ ಸಾಕುವುದು, ರೊಟ್ಟಿ ಸುಡುವುದು ಎಲ್ಲವೂ ಅದರಲ್ಲಿವೆ. ಆದರೆ ಮೊದಲಿಗೆ ಬರುವುದು ಬಿಯರ್ ಮಾಡುವ ವಿಷಯ. ತನ್ನ ಬಾಲ್ಯದ ಕಾಲಕ್ಕೆ ಕೂಲಿಕಾರರ ಮನೆಮನೆಯಲ್ಲೂ ಬಿಯರ್ ಆಗುತ್ತಿತ್ತು, ಈಗ ಆ ಹಂಡೆಗಳೇ ಕಾಣೆಯಾಗಿವೆ ಎಂಬುದು ಅವನ ಅಳಲು. ಮಾಲ್ಟ್ ಸುಂಕವನ್ನು ಬೈದ. ಬಿಯರಿನ ಜಾಗಕ್ಕೆ ಬಂದ ಟೀಯನ್ನು ಇನ್ನಷ್ಟು ಬೈದ. ಟೀಗೆ ಎಷ್ಟು ದುಡ್ಡು, ಎಷ್ಟು ಸೌದೆ, ಎಷ್ಟು ಹೊತ್ತು ವ್ಯರ್ಥವಾಗುತ್ತದೆಂದು ಲೆಕ್ಕ ಬರೆದು ತೋರಿಸಿದ. ಟೀಯ ವಿಷಯದಲ್ಲಿ ಅವನ ಹಟ ಇಂದು ನಗು ತರಿಸಬಹುದು. ಆದರೆ ಆ ಲೆಕ್ಕದ ಹಿಂದಿದ್ದ ಪ್ರಶ್ನೆ ನಗುವಂಥದ್ದಲ್ಲ. ಮನೆಯಲ್ಲಿ ಮಾಡಿಕೊಳ್ಳಬಹುದಾದ ಪ್ರತಿಯೊಂದನ್ನೂ ಅಂಗಡಿಯಿಂದ ಕೊಂಡು ತರಬೇಕಾದಾಗ ದಿನಗೂಲಿಯವನ ಕೈಯಲ್ಲಿ ಉಳಿಯುವುದೇನು?

1880ರಲ್ಲಿ ಪ್ರಧಾನಿಯೂ ಹಣಕಾಸು ಸಚಿವನೂ ಆಗಿದ್ದ ಗ್ಲಾಡ್‌ಸ್ಟನ್ ಮಾಲ್ಟ್ ಸುಂಕವನ್ನು ಕಿತ್ತುಹಾಕಿದ. ರೈತರು ಬಹುಕಾಲದಿಂದ ಕೇಳಿಕೊಂಡಿದ್ದ ಸುಧಾರಣೆ ಅದು. ಆದರೆ ಸುಂಕ ಮಾಲ್ಟಿನಿಂದ ಬಿಯರಿಗೆ ವರ್ಗವಾಯಿತು. ಬಿಯರ್ ಎಲ್ಲಿ ಆಗುತ್ತದೋ ಅಲ್ಲಿ ಸರ್ಕಾರದ ಕಣ್ಣು ಇರಬೇಕಾಯಿತು. ಹಾಗಾಗಿ ಮನೆಯ ಹಂಡೆಗೂ ಪರವಾನಗಿ ಬಂತು. ಕಾರ್ಖಾನೆಗಳು ಲೆಕ್ಕದ ಪುಸ್ತಕ ಇಡಬಲ್ಲವು. ಸಾವಿರಾರು ಅಡುಗೆಮನೆಗಳ ಲೆಕ್ಕ ಹಿಡಿಯುವುದು ಯಾವ ಅಬಕಾರಿ ಅಧಿಕಾರಿಗೂ ಆಗದ ಮಾತು. ರಾಜ್ಯಕ್ಕೆ ಸುಲಭವಾದದ್ದು ಉಳಿಯಿತು, ಕಷ್ಟವಾದದ್ದು ಅಳಿಯಿತು. ಇದೇ ಹೊತ್ತಿಗೆ ಬಿಯರಿನ ಅರಿವೂ ಪ್ರಯೋಗಾಲಯ ಸೇರಿತು. 1876ರಲ್ಲಿ ಪಾಶ್ಚರ್ ಬಿಯರ್ ಏಕೆ ಕೆಡುತ್ತದೆಂದು ಪುಸ್ತಕ ಬರೆದ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದ. ಹೆಪ್ಪಿಗೆ ಮೊಸರು ಉಳಿಸಿಕೊಳ್ಳುವಂತೆ ಹಿಂದಿನ ಬಿಯರಿನ ಗಸಿಯನ್ನು ಮುಂದಿನದಕ್ಕೆ ಉಳಿಸಿಕೊಳ್ಳುತ್ತಿದ್ದವರಿಗೆ ಈ ವಿದ್ಯೆ ಎಟುಕುವಂತಿರಲಿಲ್ಲ.

ಮನೆಗೆ ಮರಳುವ ಡಬ್ಬಿಯ ಕಥೆ ಶುರುವಾಗುವುದು ಅಟ್ಲಾಂಟಿಕ್‌ನ ಆಚೆ. 1920ರಲ್ಲಿ ಅಮೆರಿಕ ಪಾನನಿಷೇಧ ಜಾರಿಗೆ ತಂದಾಗ ಬಿಯರ್ ಕಂಪನಿಗಳು ಮಾಲ್ಟ್ ಪಾಕವನ್ನು ಡಬ್ಬಿಗಳಲ್ಲಿ ತುಂಬಿ ಮಾರತೊಡಗಿದವು. ಹೆಸರಿಗೆ ಅದು ಬ್ರೆಡ್ಡು ಬಿಸ್ಕತ್ತು ಮಾಡುವ ಸಾಮಗ್ರಿ. ಬಡ್‌ವೈಸರ್ ಹೆಸರಿನಲ್ಲೂ ಇಂಥ ಡಬ್ಬಿ ಬಂತು. ಕೊಂಡವರಲ್ಲಿ ಬಹಳ ಜನ ಬ್ರೆಡ್ ಮಾಡಲಿಲ್ಲ ಎಂಬುದು ಮಾರುವವರಿಗೂ ಗೊತ್ತಿತ್ತು, ಸರ್ಕಾರಕ್ಕೂ ಗೊತ್ತಿತ್ತು. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ತೆಗೆಯುವ ನಾಜೂಕಿನ ಹಂತ ಕಾರ್ಖಾನೆಯಲ್ಲೇ ಮುಗಿದಿರುತ್ತಿದ್ದ ಕಾರಣ ಮನೆಯಲ್ಲಿ ಉಳಿದದ್ದು ಕರಗಿಸಿ ಹುದುಗಿಸುವುದು ಮಾತ್ರ. ಬ್ರೆಡ್ಡಿನ ಯೀಸ್ಟ್, ಅಳತೆ ತಪ್ಪಿದ ಸಕ್ಕರೆ, ನೆಲಮಾಳಿಗೆಯಲ್ಲಿ ಒಡೆಯುವ ಬಾಟಲಿಗಳು: ಮನೆ ಬಿಯರೆಂದರೆ ಮೂಗು ಮುರಿಯುವ ಅಭ್ಯಾಸ ಅಲ್ಲಿ ಹುಟ್ಟಿತು. 1933ರಲ್ಲಿ ನಿಷೇಧ ತೆರವಾದ ಮೇಲೆ ಸ್ವಂತಕ್ಕೆ ವೈನ್ ಮಾಡಿಕೊಳ್ಳಲು ಅವಕಾಶ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ.

ಆ ಅವಕಾಶಕ್ಕೆ 45 ವರ್ಷ ಕಾಯಬೇಕಾಯಿತು. ಆ ನಡುವೆ ಬ್ರಿಟನ್ನಿನ 1963ರ ನಿರ್ಧಾರ ದೂರದಲ್ಲೊಂದು ಫಲ ಕೊಟ್ಟಿತು. ಸ್ಕಾಟ್ಲೆಂಡಿನ ನೆಲೆಯಲ್ಲಿ ಅಮೆರಿಕದ ನೌಕಾಪಡೆಯ ಕೆಲಸದಲ್ಲಿದ್ದ ಜ್ಯಾಕ್ ಮೆಕಾಲಿಫ್, 1960ರ ದಶಕದಲ್ಲಿ ಅಲ್ಲಿಯ ಔಷಧಿ ಅಂಗಡಿಯ ಕಿಟ್ ಕೊಂಡು ಬಿಯರ್ ಮಾಡಲು ಕಲಿತ. ಊರಿಗೆ ಮರಳಿ 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೊಮಾದಲ್ಲಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಭಟ್ಟಿ ತೆರೆದ. ಅದು 1982ರಲ್ಲಿ ಮುಚ್ಚಿಹೋಯಿತು. ಆದರೆ ನೋಡಿದವರಿಗೆ ಧೈರ್ಯ ಕೊಟ್ಟಿತ್ತು. ಚಿಕೊ ಎಂಬ ಊರಿನಲ್ಲಿ ಮನೆ ಬಿಯರಿನ ಸಾಮಗ್ರಿ ಮಾರುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಹಳೆಯ ಡೇರಿ ತೊಟ್ಟಿಗಳನ್ನು ಜೋಡಿಸಿಕೊಂಡು ಸಿಯೆರಾ ನೆವಾಡಾ ಶುರುಮಾಡಿದ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯೊಂದು ಮನೆ ಬಿಯರನ್ನು ಸುಂಕದಿಂದ ಬಿಡಿಸಿತು: ವರ್ಷಕ್ಕೆ ವಯಸ್ಕರೊಬ್ಬರಿಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200. ಅದೇ ವರ್ಷ ಕೊಲರಾಡೊದ ಬೌಲ್ಡರ್‌ನಲ್ಲಿ ಶಾಲಾ ಶಿಕ್ಷಕ ಚಾರ್ಲಿ ಪಪೇಜಿಯನ್ ಗೆಳೆಯನೊಬ್ಬನೊಡನೆ ಮನೆ ಬಿಯರಿಗರ ಸಂಘ ಕಟ್ಟಿದ. ಆಗ ಅಮೆರಿಕದಲ್ಲಿದ್ದ ಬಿಯರ್ ಕಂಪನಿಗಳು ನೂರಕ್ಕೂ ಕಡಿಮೆ. ಇಂದು ದೊಡ್ಡವು ಸಣ್ಣವು ಸೇರಿ ಒಂಬತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಬಹಳಷ್ಟರ ಮೂಲ ಯಾರದೋ ಮನೆಯ ಬಕೆಟ್.

ಅದೇ ಕಾನೂನು ಮನೆಯಲ್ಲಿ ಭಟ್ಟಿ ಇಳಿಸುವುದನ್ನು ಮಾತ್ರ ಒಪ್ಪಲಿಲ್ಲ. ಈ ಗೆರೆಯ ಅರ್ಥ ಕರ್ನಾಟಕದವರಿಗೆ ಬೇಗ ಹೊಳೆಯಬೇಕು. ಮನೆಯಲ್ಲಿ ಮಾಡಿದ ಮದ್ಯ ಎಂದೊಡನೆ ನಮ್ಮ ನೆನಪಿಗೆ ಬರುವುದು ಕಳ್ಳಭಟ್ಟಿ, 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಸತ್ತ ನೂರಾರು ಬಡವರು. ಅಂಥ ಸಾವುಗಳ ಹಿಂದಿರುವುದು ಮದ್ಯಕ್ಕೆ ಬೆರೆಸುವ ಮೆಥನಾಲ್. ಬಾರ್ಲಿಯನ್ನು ಬರಿದೇ ಹುದುಗಿಸುವುದರಲ್ಲಿ ಆ ಅಪಾಯವಿಲ್ಲ. ಆದರೂ 1965ರ ಕರ್ನಾಟಕ ಅಬಕಾರಿ ಕಾಯ್ದೆ ಎರಡನ್ನೂ ಪರವಾನಗಿಯ ಬೇಲಿಯೊಳಗೇ ಇಟ್ಟಿದೆ. ಬೆಂಗಳೂರಿನ ಬ್ರೂಪಬ್ಬಿನಲ್ಲಿ ಗಾಜಿನ ಗೋಡೆಯಾಚೆ ಕಾಣುವ ಹಂಡೆಗೆ ಪರವಾನಗಿ ಸಿಗುತ್ತದೆ. ಅದೇ ಕೆಲಸ ಅಡುಗೆಮನೆಯಲ್ಲಾದರೆ ಅಪರಾಧ. ಕುಡಿತದಿಂದ ನೊಂದ ಹೆಂಗಸರ ಹೋರಾಟಗಳನ್ನು ಕಂಡಿರುವ ನಾಡಿನಲ್ಲಿ ಈ ಬೇಲಿ ಬೇಡವೆಂದು ಸಲೀಸಾಗಿ ಹೇಳಲಾಗದು. ಬೇಲಿ ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂದು ಕೇಳಬಹುದು.

ಅದೇ ಪ್ರಶ್ನೆಯನ್ನು ಪಶ್ಚಿಮಕ್ಕೂ ಕೇಳಬೇಕು. ಬಿಯರ್ ಮನೆಗೆ ಮರಳಿತು ನಿಜ. ಬಿಟ್ಟುಹೋದ ಕೈಗಳಿಗೆ ಮರಳಲಿಲ್ಲ. ದಂಡದ ಪಟ್ಟಿಯಲ್ಲಿದ್ದ ಹೆಂಗಸರಿಗೆ ಅದು ಮನೆಗೆಲಸವೂ ಆಗಿತ್ತು, ಕೈಯಲ್ಲಿ ನಾಲ್ಕು ಕಾಸು ಆಡುವ ದಾರಿಯೂ ಆಗಿತ್ತು. ಕಾಬೆಟ್‌ನ ಕೂಲಿಕಾರನಿಗೆ ಅದು ದಿನದ ಆಹಾರದ ಭಾಗ. ಕಿಟ್ ಕೊಂಡ ಹೊಸ ತಲೆಮಾರಿನವರಲ್ಲಿ ಹೆಚ್ಚಿನವರು ವಾರಾಂತ್ಯದ ಬಿಡುವಿದ್ದ ಗಂಡಸರು. ಅವರಿಗೆ ಇದು ಹವ್ಯಾಸ. ಡಬ್ಬಿಯೊಳಗಿನ ಅರ್ಧ ಕೆಲಸವೂ ಕಾರ್ಖಾನೆಯದೇ. ಹಾಗೆಂದು ಡಬ್ಬಿಯನ್ನು ಹಳಿಯಬೇಕಿಲ್ಲ. ಡಬ್ಬಿಯಿಂದ ಆರಂಭಿಸಿದ ಎಷ್ಟೋ ಜನ ಅದು ಸಾಲದೆಂದು ಕಾಳಿನ ಕಡೆ ನಡೆದರು. 1974ರಲ್ಲಿ ಬಂದ ಡೇವ್ ಲೈನ್ ಎಂಬ ಇಂಗ್ಲಿಷ್ ಎಂಜಿನಿಯರನ ಕೈಪಿಡಿ, ಕಾಳಿನಿಂದಲೇ ಬಿಯರ್ ಮಾಡುವುದನ್ನು ಸಾಮಾನ್ಯ ಮನೆಗಳಿಗೆ ಮತ್ತೆ ಹೇಳಿಕೊಟ್ಟಿತು. ತಾಯಿಯಿಂದ ಮಗಳು ನೋಡಿ ಕಲಿಯುತ್ತಿದ್ದದ್ದನ್ನು ಅಪರಿಚಿತರು ಪುಸ್ತಕದಿಂದ ಓದಿ ಕಲಿಯಬೇಕಾಯಿತು. ಮೌಡ್ಲಿಂಗನ ಬಜೆಟ್ಟಿಗೆ ಅನುಮತಿ ಕೊಡಲು ಒಂದು ಮಧ್ಯಾಹ್ನ ಸಾಕಾಗಿತ್ತು. ಮರೆತ ಕೆಲಸವನ್ನು ಮತ್ತೆ ಕಲಿಯಲು ಒಂದು ತಲೆಮಾರು ಹಿಡಿಯಿತು.