ಸುಝೌ ಕಾಲುವೆಗಳು: ಕಟ್ಟಿದವರು ಮತ್ತು ಕಾಪಾಡಿದವರು

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ನಾವು ಓದಿದ ಚೀನಾ ಬಹಳ ಚಿಕ್ಕದು. ಒಂದು ಕಡೆ ಮಹಾಗೋಡೆ, ಇನ್ನೊಂದು ಕಡೆ ಬಾದಾಮಿ ಚಾಲುಕ್ಯರ ಪಾಠದಲ್ಲಿ ಬರುವ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ಬರೆದವನು ಎಂದು ಅವನ ಹೆಸರನ್ನು ಎರಡು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡಿದ್ದೆವು. ಆ ಯಾತ್ರಿಕ ಹುಟ್ಟಿದ್ದು ಲುವೊಯಾಂಗ್ ನಗರದ ಹತ್ತಿರ. ಅವನು ಇನ್ನೂ ಬಾಲಕನಾಗಿದ್ದಾಗ ಅದೇ ನಗರವನ್ನು ಕೇಂದ್ರವಾಗಿಟ್ಟುಕೊಂಡು ಜಗತ್ತಿನ ಅತಿ ಉದ್ದದ ಕಾಲುವೆಯ ಕೆಲಸ ನಡೆಯುತ್ತಿತ್ತು. 610ರಲ್ಲಿ ಆ ಕೆಲಸ ಮುಗಿಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಇಲ್ಲಿ ಪುಲಿಕೇಶಿ ಪಟ್ಟಕ್ಕೆ ಬಂದಿದ್ದ.

ಕಂಪನಿಯ ಕೆಲಸದ ಮೇಲೆ ಶಾಂಘೈಗೆ ಹೋಗಿದ್ದಾಗ, ಸುಮಾರು 100 ಕಿ.ಮೀ. ದೂರದ ಸುಝೌ ನಗರಕ್ಕೂ ಅದರ ಪಕ್ಕದ ಟೋಂಗ್ಲಿ ಎಂಬ ಕಾಲುವೆ ಊರಿಗೂ ಒಂದು ದಿನದ ಬಸ್ ಪ್ರವಾಸ ಹೋಗುವ ಅವಕಾಶ ಸಿಕ್ಕಿತು. ಕೈಯಲ್ಲಿ ಪುಟ್ಟ ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ನಾವು ಇಪ್ಪತ್ತು ಜನ ನಡೆದೆವು. ಅಲ್ಲಿ ಕಂಡದ್ದು, ಬಂದ ಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ನಮ್ಮ ಶಾಲೆಯ ಈ ಸಂಚಿಕೆಗೆ ಬರೆಯುತ್ತಿದ್ದೇನೆ. ದೊಡ್ಡ ಕೆಲಸವನ್ನು ಕಟ್ಟಿದವರ ಹೆಸರು ಚರಿತ್ರೆಯಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ನೂರಾರು ವರ್ಷ ಕಾಪಾಡಿದವರು ಯಾರು ಎಂದು ಹುಡುಕಿಕೊಂಡು ಹೋಗಬೇಕಾಗುತ್ತದೆ.

ದೊರೆಯ ಕಾಲುವೆ

ಚೀನಾದ ದೊಡ್ಡ ನದಿಗಳು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತವೆ. ರಾಜಧಾನಿ ಮತ್ತು ಸೈನ್ಯ ಇದ್ದದ್ದು ಉತ್ತರದಲ್ಲಿ. ಅಕ್ಕಿ ಸಮೃದ್ಧವಾಗಿ ಬೆಳೆಯುತ್ತಿದ್ದದ್ದು ದಕ್ಷಿಣದ ಯಾಂಗ್ತ್ಸೆ ಬಯಲಿನಲ್ಲಿ. ದಕ್ಷಿಣದ ಅಕ್ಕಿ ಉತ್ತರಕ್ಕೆ ಹೋಗಬೇಕಾದರೆ ನದಿಗಳನ್ನು ಅಡ್ಡಲಾಗಿ ಜೋಡಿಸುವ ನೀರಿನ ದಾರಿ ಬೇಕಿತ್ತು. ಕ್ರಿ.ಪೂ. 486ರಲ್ಲೇ ವೂ ರಾಜ್ಯದ ದೊರೆ ಫುಚಾಯ್ ಇಂಥ ಒಂದು ತುಂಡು ಕಾಲುವೆ ತೋಡಿಸಿದ್ದ. ಸುಯಿ ವಂಶದ ಯಾಂಗ್ ದೊರೆ 605ರಿಂದ 610ರ ನಡುವೆ ಹಳೆಯ ತುಂಡುಗಳನ್ನು ಅಗಲ ಮಾಡಿಸಿ, ಹೊಸದನ್ನು ತೋಡಿಸಿ, ಉತ್ತರದ ಗಡಿಯಿಂದ ದಕ್ಷಿಣದ ಹಾಂಗ್‌ಝೌವರೆಗೆ ಒಂದೇ ಜಾಲ ಮಾಡಿದ.

ಇದರ ಬೆಲೆ ತೆತ್ತವರು ರೈತರು. 608ರಲ್ಲಿ ಉತ್ತರದ ಕಾಲುವೆಗಾಗಿ ಹತ್ತು ಲಕ್ಷಕ್ಕೂ ಹೆಚ್ಚು ಗಂಡಸರು ಮತ್ತು ಹೆಂಗಸರನ್ನು ಬಿಟ್ಟಿ ಕೆಲಸಕ್ಕೆ ಎಳೆದು ತಂದರು ಎಂದು ಆ ವಂಶದ ಅಧಿಕೃತ ಚರಿತ್ರೆಯೇ ಹೇಳುತ್ತದೆ. ಕಾಲುವೆ, ಅರಮನೆ, ಕೊರಿಯಾದ ಮೇಲಿನ ಸೋತ ಯುದ್ಧಗಳು ಎಲ್ಲ ಸೇರಿ ದೇಶ ದಂಗೆ ಎದ್ದಿತು. 618ರಲ್ಲಿ ಯಾಂಗ್ ದೊರೆ ತನ್ನ ಕಾಲುವೆಯ ದಡದ ಯಾಂಗ್‌ಝೌ ನಗರದಲ್ಲೇ ತನ್ನವರ ಕೈಯಿಂದ ಸತ್ತ. ವಂಶ ಅಳಿಯಿತು, ಕಾಲುವೆ ಉಳಿಯಿತು. ಮುಂದೆ ಕುಬ್ಲಾಯ್ ಖಾನನ ಕಾಲದಲ್ಲಿ ಅದನ್ನು ಈಗಿನ ಬೀಜಿಂಗ್‌ಗೆ ನೇರವಾಗಿ ತಿರುಗಿಸಲಾಯಿತು. ಬೀಜಿಂಗ್‌ನಿಂದ ಹಾಂಗ್‌ಝೌಗೆ ಹೋಗುವ ಈ ಮಾರ್ಗದ ಉದ್ದ ಸುಮಾರು 1,800 ಕಿ.ಮೀ.

ಹಳ್ಳಿಯ ಹಿರಿಯ ಹೇಳಿದ ದಾರಿ

ಎಂಜಿನಿಯರಿಂಗ್ ಓದಿದವನಾಗಿ ನನಗೆ ಹೆಚ್ಚು ಹಿಡಿಸಿದ್ದು ಈ ಕಾಲುವೆಯನ್ನು ನಡೆಸಿದ ಬಗೆ. ಎತ್ತರ ತಗ್ಗು ಇರುವಲ್ಲಿ ದೋಣಿಗಳನ್ನು ಇಳಿಜಾರಿನ ಮೇಲೆ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಎಳೆಯುವಾಗ ದೋಣಿ ಒಡೆಯುತ್ತಿತ್ತು, ಗಲಾಟೆಯಲ್ಲಿ ಅಕ್ಕಿ ಕಳುವಾಗುತ್ತಿತ್ತು. 984ರಲ್ಲಿ ಚಿಯಾವೊ ವೈಯುವೆ ಎಂಬ ಸಾಗಣೆ ಅಧಿಕಾರಿ ಕಾಲುವೆಗೆ ಅಡ್ಡಲಾಗಿ ಸುಮಾರು 75 ಮೀಟರ್ ಅಂತರದಲ್ಲಿ ಎರಡು ಬಾಗಿಲು ಇಡಿಸಿದ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರು ತುಂಬಿಸಿದರೆ, ನೀರಿನ ಜೊತೆ ದೋಣಿಯೂ ಮೇಲೇರುತ್ತದೆ. ಆಗ ಮುಂದಿನ ಬಾಗಿಲು ತೆಗೆದರೆ ಆಯಿತು. ಇಂದು ಪನಾಮಾ ಕಾಲುವೆಯಲ್ಲಿ ಹಡಗುಗಳು ಮೇಲೇರುವುದು ಇದೇ ತತ್ವದ ಮೇಲೆ. ಯೂರೋಪಿನಲ್ಲಿ ಇಂಥದ್ದು ಬಂದದ್ದು ಶತಮಾನಗಳ ನಂತರ. ಅಕ್ಕಿ ಕಳ್ಳತನ ತಡೆಯಲು ಹೊರಟವನು ಜಗತ್ತಿಗೇ ಒಂದು ತಂತ್ರ ಕೊಟ್ಟ!

ಇನ್ನೊಂದು ಪ್ರಸಂಗ 1411ರದು. ಶಾಂಡಾಂಗ್ ಪ್ರಾಂತ್ಯದಲ್ಲಿ ಇಡೀ ಕಾಲುವೆಯ ಅತಿ ಎತ್ತರದ ಜಾಗವಿದೆ. ಅಲ್ಲಿ ನೀರೇ ನಿಲ್ಲುತ್ತಿರಲಿಲ್ಲ. ಸರಿಪಡಿಸಲು ಬಂದ ಮಂತ್ರಿ ಸೋಂಗ್ ಲಿ. ಅವನಿಗೆ ದಾರಿ ತೋರಿಸಿದವನು ಬಾಯ್ ಯಿಂಗ್ ಎಂಬ ಹಳ್ಳಿಯ ಹಿರಿಯ. ಪಕ್ಕದ ವೆನ್ ನದಿಗೆ ಅಣೆಕಟ್ಟು ಹಾಕಿ, ಆ ನೀರನ್ನು ಕಾಲುವೆಯ ನೆತ್ತಿಗೆ ತಂದು, ಅಲ್ಲಿಂದ ಒಂದು ಪಾಲನ್ನು ಉತ್ತರಕ್ಕೂ ಇನ್ನೊಂದು ಪಾಲನ್ನು ದಕ್ಷಿಣಕ್ಕೂ ಬಿಡಬೇಕೆಂದು ಅವನು ಹೇಳಿದ. ಮಂತ್ರಿ ಆ ಮಾತು ಕೇಳಿದ. ಕಾಲುವೆ ಮತ್ತೆ ಹರಿಯಿತು. ತನ್ನ ಊರಿನ ಯಾವ ಹಳ್ಳ ಯಾವ ಕಡೆ ವಾಲಿದೆ ಎಂಬುದು ಅಲ್ಲೇ ಬದುಕಿದವನಿಗೆ ಗೊತ್ತಿರುತ್ತದೆ.

ಮಿಂಗ್ ವಂಶದ ಕಾಲದಲ್ಲಿ ಈ ದಾರಿಯಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ‘ಷಿ’ ಧಾನ್ಯ ಉತ್ತರಕ್ಕೆ ಹೋಗಬೇಕೆಂದು ನಿಗದಿಯಾಗಿತ್ತು. ಒಂದು ಷಿ ಎಂದರೆ ಸುಮಾರು 100 ಲೀಟರ್.

ನೀರಿನ ಬೀದಿಗಳ ನಗರ

ಈ ಕಾಲುವೆಯ ದಡದಲ್ಲೇ ಬೆಳೆದ ನಗರ ಸುಝೌ. ಕ್ರಿ.ಪೂ. 514ರಲ್ಲಿ ವೂ ರಾಜ್ಯದ ರಾಜಧಾನಿಯಾಗಿ ಕಟ್ಟಿದ್ದು. ಇಲ್ಲಿ ಬೀದಿಯ ಪಕ್ಕದಲ್ಲಿ ಕಾಲುವೆ, ಕಾಲುವೆಯ ಪಕ್ಕದಲ್ಲಿ ಬೀದಿ. ಮನೆಯ ಮುಂಬಾಗಿಲು ಬೀದಿಗೆ, ಹಿತ್ತಲ ಬಾಗಿಲು ನೀರಿಗೆ. 1229ರಲ್ಲಿ ಸಾಂಗ್ ವಂಶದ ಕಾಲದಲ್ಲಿ ಇಡೀ ನಗರದ ನಕ್ಷೆಯನ್ನು ಒಂದು ಕಲ್ಲಿನ ಮೇಲೆ ಕೆತ್ತಿದರು. ಆ ಕಲ್ಲು ಇನ್ನೂ ಇದೆ. ಅದರಲ್ಲಿರುವ ಎಷ್ಟೋ ಕಾಲುವೆ, ಬೀದಿಗಳನ್ನು ಇಂದಿನ ಹಳೆಯ ಪೇಟೆಯಲ್ಲಿ ಗುರುತಿಸಬಹುದು. 825ರಲ್ಲಿ ಇಲ್ಲಿಗೆ ಅಧಿಕಾರಿಯಾಗಿ ಬಂದ ಕವಿ ಬಾಯ್ ಜುಯಿ ಶಾಂಟಾಂಗ್ ಎಂಬ ಕಾಲುವೆಯನ್ನೂ ಅದರ ಪಕ್ಕದ ದಾರಿಯನ್ನೂ ಮಾಡಿಸಿದ. ಸುಮಾರು ಮೂರೂವರೆ ಕಿ.ಮೀ. ಉದ್ದದ ಆ ದಾರಿ ಈಗಲೂ ಪೇಟೆ ಬೀದಿ.

ಸುಝೌ ಶ್ರೀಮಂತವಾದದ್ದು ಅಕ್ಕಿಯಿಂದ ಮತ್ತು ರೇಷ್ಮೆಯಿಂದ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದವರೆಲ್ಲ ‘ಚೀನಾ ರೇಷ್ಮೆ’ಯ ಹೆಸರು ಕೇಳಿರುತ್ತಾರೆ. ಅದು ಬಂದಾಗ ನಮ್ಮ ಗೂಡಿನ ಬೆಲೆ ಇಳಿಯುತ್ತದೆ ಎಂಬ ಮಾತು ಬೆಳೆಗಾರರ ಮನೆಯಲ್ಲಿ ಹಳೆಯದು. ಆ ರೇಷ್ಮೆಯ ಹಳೆಯ ತವರುಗಳಲ್ಲಿ ಸುಝೌ ಒಂದು. ಅರಮನೆಗೆ ಬಟ್ಟೆ ನೇಯುವ ಸರ್ಕಾರಿ ಕಾರ್ಖಾನೆ ಇಲ್ಲಿತ್ತು.

ತೋಟಗಳು ಮತ್ತು ಒಂದು ಕಲ್ಲು

ಹಣ ಇದ್ದಲ್ಲಿ, ನಿವೃತ್ತ ಅಧಿಕಾರಿಗಳು ಇದ್ದಲ್ಲಿ ತೋಟಗಳು ಎದ್ದವು. ನಾವು ನೋಡಿದ್ದು ಅವುಗಳಲ್ಲಿ ದೊಡ್ಡದಾದ ಝುವೊಝೆಂಗ್ ತೋಟ. ನೌಕರಿಯಲ್ಲಿ ನೊಂದು ಊರಿಗೆ ಮರಳಿದ ವಾಂಗ್ ಶಿಯಾನ್‌ಚೆನ್ ಎಂಬ ಅಧಿಕಾರಿ ಸುಮಾರು 1509ರಲ್ಲಿ ಇದನ್ನು ಆರಂಭಿಸಿದ. ಗಿಡಕ್ಕೆ ನೀರು ಹಾಕಿ ತರಕಾರಿ ಮಾರಿಕೊಂಡಿರುವುದೇ ದಡ್ಡನ ರಾಜಕಾರಣ ಎಂಬ ಹಳೆಯ ಮಾತಿನಿಂದ ‘ದಡ್ಡ ಆಡಳಿತಗಾರನ ತೋಟ’ ಎಂದು ಹೆಸರಿಟ್ಟ. ಹೆಸರಿನಲ್ಲಿ ವಿನಯವೂ ಇದೆ, ಸರ್ಕಾರಕ್ಕೆ ಕೊಟ್ಟ ಚುಚ್ಚೂ ಇದೆ.

ಸುಮಾರು 13 ಎಕರೆ ಜಾಗ. ನಡುವೆ ಕೊಳ, ತಾವರೆ, ಅಂಕುಡೊಂಕಿನ ಸೇತುವೆ, ಗೋಡೆಯಲ್ಲಿ ಚಂದ್ರನಂತೆ ದುಂಡಗಿನ ಬಾಗಿಲು. ಎಲ್ಲಿ ನಿಂತರೂ ಇಡೀ ತೋಟ ಒಮ್ಮೆಗೇ ಕಾಣುವುದಿಲ್ಲ. ಒಂದು ಕಡೆ ನಿಂತು ಕೊಳದಾಚೆ ನೋಡಿದರೆ ಮರಗಳ ಮೇಲೆ ಎತ್ತರದ ಬೌದ್ಧ ಗೋಪುರ ಕಾಣುತ್ತದೆ. ಅದು ತೋಟದ್ದೇ ಎನ್ನಿಸುತ್ತದೆ. ನಿಜವಾಗಿ ಅದು ಹೊರಗೆ ಊರಿನಲ್ಲಿರುವ ಬೇರೆ ದೇವಾಲಯದ ಗೋಪುರ. ಹೊರಗಿನ ನೋಟವನ್ನು ಹೀಗೆ ಎರವಲು ತರುವುದನ್ನು ಒಂದು ವಿದ್ಯೆಯಾಗಿ ಬರೆದಿಟ್ಟವನು ಟೋಂಗ್ಲಿ ಊರಿನವನೇ ಆದ ಜಿ ಚೆಂಗ್. 1630ರ ದಶಕದಲ್ಲಿ ಅವನು ಬರೆದ ತೋಟಗಾರಿಕೆಯ ಪುಸ್ತಕ ಚೀನಾದಲ್ಲೇ ಮರೆತುಹೋಗಿ, ಜಪಾನಿನಲ್ಲಿ ಉಳಿದು, 1930ರ ದಶಕದಲ್ಲಿ ಮತ್ತೆ ತವರಿಗೆ ಬಂದು ಅಚ್ಚಾಯಿತು.

ತೋಟಗಳಲ್ಲಿ ತೂತು ತೂತಾದ ಎತ್ತರದ ಕಲ್ಲುಗಳನ್ನು ನಿಲ್ಲಿಸಿರುತ್ತಾರೆ. ಹತ್ತಿರದ ತಾಯ್ ಸರೋವರದ ನೀರು ಕೊರೆದ ಸುಣ್ಣಕಲ್ಲುಗಳು ಅವು. ಇವುಗಳ ಹಿಂದೆಯೂ ಕಣ್ಣೀರಿನ ಕಥೆ ಇದೆ. 12ನೇ ಶತಮಾನದ ಆರಂಭದಲ್ಲಿ ಆಳಿದ ಹುಯಿಝೋಂಗ್ ದೊರೆ ಒಳ್ಳೆಯ ಚಿತ್ರಕಾರ. ರಾಜಧಾನಿಯ ತನ್ನ ತೋಟಕ್ಕಾಗಿ ಸುಝೌ ಸುತ್ತಿನ ಕಲ್ಲು, ಗಿಡಗಳನ್ನು ದೋಣಿಯಲ್ಲಿ ತರಿಸತೊಡಗಿದ. ಅಕ್ಕಿ ಸಾಗಿಸಬೇಕಾದ ದೋಣಿಗಳು ಕಲ್ಲು ಹೊತ್ತವು. ದೊಡ್ಡ ಕಲ್ಲಿಗೆ ದಾರಿ ಬಿಡಲು ಸೇತುವೆಗಳನ್ನೇ ಕೆಡವಿದರು. ಯಾರ ಮನೆಯಲ್ಲಿ ಚಂದದ ಕಲ್ಲಿದ್ದರೂ ಅಧಿಕಾರಿಗಳು ನುಗ್ಗಿ ಅದನ್ನು ದೊರೆಯದು ಎಂದು ಗುರುತು ಹಾಕುತ್ತಿದ್ದರು. 1120ರಲ್ಲಿ ಜನ ದಂಗೆ ಎದ್ದರು. 1127ರಲ್ಲಿ ಉತ್ತರದ ದಾಳಿಕೋರರ ಕೈಗೆ ರಾಜಧಾನಿಯೂ ದೊರೆಯೂ ಸಿಕ್ಕಿದರು.

ಆ ಸಾಗಣೆಯಲ್ಲಿ ಹೋಗದೆ ಉಳಿಯಿತು ಎನ್ನುವ ‘ರುಯಿಯುನ್’ ಎಂಬ ಕಲ್ಲು ಈಗಲೂ ಸುಝೌನಲ್ಲಿದೆ. ಅದು ಈಗಿರುವುದು ಹತ್ತನೇ ನಂಬರಿನ ಪ್ರೌಢಶಾಲೆಯ ಆವರಣದಲ್ಲಿ! ಹಿಂದೆ ರೇಷ್ಮೆ ಕಾರ್ಖಾನೆಯ ಕಚೇರಿ ಇದ್ದ ಜಾಗವೇ ಮುಂದೆ ಶಾಲೆಯಾಯಿತು. ದೊರೆ ತನಗೊಬ್ಬನಿಗೇ ಬೇಕೆಂದ ಕಲ್ಲನ್ನು ಇಂದು ಮಕ್ಕಳು ದಿನಾ ನೋಡುತ್ತಾರೆ.

ಕಟ್ಟಿದವರ ವಂಶದಲ್ಲಿ ತೋಟಗಳು ನಿಲ್ಲಲಿಲ್ಲ. ವಾಂಗ್‌ನ ಮಗ ಜೂಜಿನಲ್ಲಿ ತೋಟ ಕಳೆದ ಎನ್ನುತ್ತಾರೆ. 1860ರಲ್ಲಿ ತಾಯ್‌ಪಿಂಗ್ ದಂಗೆಕೋರರ ನಾಯಕ ಅಲ್ಲಿ ಬೀಡುಬಿಟ್ಟ. ಲಿಯು ತೋಟ ಎಂಬ ಇನ್ನೊಂದು ಪ್ರಸಿದ್ಧ ತೋಟದಲ್ಲಿ ಯುದ್ಧಕಾಲದಲ್ಲಿ ಸೈನಿಕರು ಕುದುರೆ ಕಟ್ಟಿದ್ದರು. 1950ರ ದಶಕದಲ್ಲಿ ಬಡಗಿಗಳು, ಗಾರೆಯವರು, ಮಾಲಿಗಳು ಸೇರಿ ಇವನ್ನು ಮತ್ತೆ ಎಬ್ಬಿಸಿದರು. ಆಗ ಇವು ಎಲ್ಲರಿಗೂ ತೆರೆದುಕೊಂಡವು. 1997 ಮತ್ತು 2000ದಲ್ಲಿ ಸುಝೌನ ಒಟ್ಟು ಒಂಬತ್ತು ತೋಟಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮಹಾ ಕಾಲುವೆ 2014ರಲ್ಲಿ ಸೇರಿತು.

ಕಾಲುವೆಯ ಗೋಡು

ಮಧ್ಯಾಹ್ನದ ಮೇಲೆ ಹೋದ ಟೋಂಗ್ಲಿ ಸರೋವರಗಳ ನಡುವಿನ ಪುಟ್ಟ ಊರು. ಅಲ್ಲಿನ ತುಯಿಸಿ ತೋಟವನ್ನು ಕೆಲಸ ಕಳೆದುಕೊಂಡ ರೆನ್ ಲಾನ್‌ಶೆಂಗ್ ಎಂಬ ಅಧಿಕಾರಿ 1885–87ರಲ್ಲಿ ಕಟ್ಟಿಸಿದ. ಕಾಲುವೆಗಳು ಕೂಡುವಲ್ಲಿ ಹತ್ತಿರ ಹತ್ತಿರ ಮೂರು ಕಲ್ಲು ಸೇತುವೆಗಳಿವೆ. ಮದುವೆಯ ದಿಬ್ಬಣ ಮೂರನ್ನೂ ದಾಟಿದರೆ ಶುಭ ಎಂಬ ನಂಬಿಕೆ. ಮನೆಗಳ ಮೆಟ್ಟಿಲು ನೀರಿಗೆ ಇಳಿಯುತ್ತವೆ. ಒಬ್ಬ ಅಜ್ಜಿ ಅಲ್ಲಿ ಕುಳಿತು ಸೊಪ್ಪು ತೊಳೆಯುತ್ತಿದ್ದರು. ಪ್ರವಾಸಿಗರ ಕ್ಯಾಮೆರಾ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಇಷ್ಟು ಸಣ್ಣ ಕಾಲುವೆಗಳು ಇಷ್ಟು ಶತಮಾನ ಹೂಳು ತುಂಬದೆ ಹೇಗೆ ಉಳಿದವು? ಉತ್ತರ ಸರಳವಾಗಿದೆ. ಈ ಸೀಮೆಯ ರೈತರು ದೋಣಿಯಲ್ಲಿ ಬಂದು, ಕಾಲುವೆಯ ತಳದ ಕೆಸರನ್ನು ಬಿದಿರು ಗಳುವಿನಿಂದ ಎತ್ತಿ, ಗದ್ದೆಗೂ ಹಿಪ್ಪುನೇರಳೆ ತೋಟಕ್ಕೂ ಗೊಬ್ಬರವಾಗಿ ಹಾಕುತ್ತಿದ್ದರು. ನಮ್ಮ ಹಿರಿಯರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆಗೋಡು ಹೊಡೆದಂತೆ. ಹೊಲಕ್ಕೆ ಗೋಡು ಬೇಕಿತ್ತು, ಅದರಿಂದ ಕಾಲುವೆ ತನ್ನಷ್ಟಕ್ಕೆ ಶುದ್ಧವಾಗಿರುತ್ತಿತ್ತು. ರಾಸಾಯನಿಕ ಗೊಬ್ಬರದ ಚೀಲ ಬಂದ ಮೇಲೆ ಆ ಗೋಡು ಯಾರಿಗೂ ಬೇಡವಾಯಿತು. ಅದರ ಜೊತೆಗೆ ಕಾರ್ಖಾನೆಗಳೂ ಬಂದು ಎಷ್ಟೋ ಕಾಲುವೆಗಳು ಕಪ್ಪಾದವು. ಕೆಲವನ್ನು ಮುಚ್ಚಿ ರಸ್ತೆ ಮಾಡಿದರು.

1980ರ ದಶಕದಲ್ಲಿ ಇಂಥ ಹಳೆಯ ಊರುಗಳೇ ಅಳಿಸಿಹೋಗುವ ಹೊತ್ತು ಬಂತು. ಟೋಂಗ್ಜಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರುವಾನ್ ಯಿಸಾನ್ ಊರೂರು ಸುತ್ತಿ, ಮನೆ ಸೇತುವೆಗಳ ಅಳತೆ ತೆಗೆದು, ಇವನ್ನು ಕೆಡವಬೇಡಿ ಎಂದು ಅಧಿಕಾರಿಗಳನ್ನು ಒಪ್ಪಿಸಲು ಓಡಾಡಿದರು. ಪಕ್ಕದ ಝೌಝುವಾಂಗ್ ಊರಿನ ಜೋಡಿ ಸೇತುವೆಯನ್ನು ಚೆನ್ ಯಿಫೈ ಎಂಬ ಕಲಾವಿದರು ಚಿತ್ರಿಸಿದರು. ಅಮೆರಿಕದ ಉದ್ಯಮಿ ಆರ್ಮಂಡ್ ಹ್ಯಾಮರ್ ಆ ಚಿತ್ರವನ್ನು ಕೊಂಡು ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಅವರಿಗೆ ಉಡುಗೊರೆ ಕೊಟ್ಟರು. ಊರುಗಳು ಉಳಿದವು. ಈಗ ಅಲ್ಲಿ ಮೀನಿಗಿಂತ ಪ್ರವಾಸಿಗರು ಹೆಚ್ಚು, ಹಳೆಯ ಮನೆಗಳಲ್ಲಿ ಅಂಗಡಿ ಹೆಚ್ಚು. ಆ ನಷ್ಟವೂ ನಿಜ. ಆದರೂ ಕಾಲುವೆಯಲ್ಲಿ ನೀರಿದೆ. ಮಹಾ ಕಾಲುವೆಯ ದಕ್ಷಿಣ ಭಾಗದಲ್ಲಿ ಮರಳು, ಕಲ್ಲಿದ್ದಲು ಹೊತ್ತ ದೋಣಿಗಳು ಇಂದಿಗೂ ಸಾಲಾಗಿ ಹೋಗುತ್ತವೆ.

ನಮ್ಮ ಶಾಲೆಯ ಮಟ್ಟಿಗೆ

ಐವತ್ತು ವರ್ಷದ ಹಿಂದೆ ನಮ್ಮ ಶಾಲೆಗೆ ಜಾಗ ಕೊಟ್ಟವರ, ಕಟ್ಟಡ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ. ಅವರಿಗೆ ನಮ್ಮ ನಮಸ್ಕಾರ ಸಲ್ಲಲೇಬೇಕು. ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿದವರು, ಬೋರ್‌ವೆಲ್ ಕೆಟ್ಟಾಗ ಊರಿಂದ ನೀರು ಹೊತ್ತು ತಂದ ಹುಡುಗರು, ಮುರಿದ ಬೆಂಚಿಗೆ ಮೊಳೆ ಹೊಡೆದ ಜವಾನರು, ಹಾಜರಿ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಿದ ಗುಮಾಸ್ತರು, ಇವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಅವರನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದಿಡುವ ಕೆಲಸ ಈ ವರ್ಷವೇ ಆಗಲಿ.

ಸುವರ್ಣ ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟೋಣ ಎಂಬ ಮಾತು ಹಳೆಯ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಕಟ್ಟೋಣ. ಅದಕ್ಕೆ ಕೂಡಿಸಿದಷ್ಟೇ ಹಣವನ್ನು ಬ್ಯಾಂಕಿನಲ್ಲಿಟ್ಟು, ಬರುವ ಬಡ್ಡಿಯಲ್ಲಿ ವರ್ಷವರ್ಷವೂ ಶೌಚಾಲಯ, ನೀರಿನ ತೊಟ್ಟಿ, ಗ್ರಂಥಾಲಯದ ಮಾಡಿನ ದುರಸ್ತಿ ಆಗುವಂತೆ ಒಂದು ನಿಧಿಯನ್ನೂ ಮಾಡೋಣ ಎಂದು ನನ್ನ ವಿನಂತಿ. ನನ್ನ ಪಾಲನ್ನು ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೇನೆ.