ಬೆತ್ತಕ್ಕೆ ಒಲಿಯದ ಗಮನ

ಒಂದೆಡೆ ಕೂರದ, ಹೇಳಿದ್ದನ್ನು ಕೇಳಿಸಿಕೊಳ್ಳದ, ಜೊತೆಗಾರನ ಕೈಯಲ್ಲಿದ್ದುದನ್ನು ಕಸಿದುಕೊಳ್ಳುವ ಮಗುವಿಗೆ ನಾವಿಡುವ ಹೆಸರುಗಳು ಹಲವು: ತುಂಟ, ಹಠಮಾರಿ, ಒರಟ. ಪ್ರಿಯ ಓದುಗರೇ, ಈ ಪ್ರತಿಯೊಂದು ಹೆಸರಿನಲ್ಲಿಯೂ ಒಂದು ತೀರ್ಪು ಅಡಗಿದೆ. ಅದು ನ್ಯಾಯವಾದ ತೀರ್ಪೇ ಎಂಬ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರ ತಮ್ಮ ಗ್ರಂಥದಲ್ಲಿ, ಮನಸ್ಸು ಒಂದೆಡೆ ನಿಲ್ಲದ ಅಸ್ಥಿರತೆ ಹುಟ್ಟಿನಿಂದಲೇ ಬಂದಿರಬಹುದೆಂದು ಬರೆದರು. ವ್ಯಾಕರಣದ ಶುಷ್ಕ ಪಾಠಕ್ಕೆ ಕೆಲವರ ಗಮನವನ್ನು ಬೆತ್ತದ ಭಯವೂ ತರಲಾರದೆಂಬುದನ್ನು ಅವರು ಕಂಡಿದ್ದರು. ಆದರೂ ಬೆತ್ತ ಶಾಲೆಯನ್ನು ಬಿಟ್ಟು ಹೋಗಲಿಲ್ಲ.

1902ರಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಲಂಡನ್ನಿನಲ್ಲಿ ಮೂರು ಉಪನ್ಯಾಸಗಳನ್ನು ನೀಡಿದರು. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹತೋಟಿಯಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಅಲ್ಲಿ ವರ್ಣಿಸಿದರು. ಅವರಲ್ಲಿದ್ದ ಆರು ವರ್ಷದ ಬಾಲಕನೊಬ್ಬನ ಗಮನ ಆಟದಲ್ಲಿಯೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಒಳ್ಳೆಯ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿಯೂ ಇದನ್ನು ಕಂಡ ಸ್ಟಿಲ್, ಹೆತ್ತವರ ಸಾಕಣೆಯೊಂದನ್ನೇ ದೂರಲಿಲ್ಲ. ಆದರೆ ಅವರಿಟ್ಟ ಹೆಸರು ಮಾತ್ರ ‘ನೈತಿಕ ನಿಯಂತ್ರಣದ ದೋಷ’! ದೋಷದ ಹೊರೆ ಮಗುವಿನ ಶೀಲದ ಮೇಲೆಯೇ ಉಳಿಯಿತು.

ಆ ಹೊರೆ ಇಳಿಯಲು ದಶಕಗಳೇ ಬೇಕಾದವು. 1972ರಲ್ಲಿ ಕೆನಡಾದ ಮನೋವಿಜ್ಞಾನಿ ವರ್ಜೀನಿಯಾ ಡಗ್ಲಸ್, ಇಂತಹ ಮಕ್ಕಳ ತೊಡಕಿನ ಮೂಲ ಅವರ ಓಡಾಟವಲ್ಲ, ಗಮನವನ್ನು ಹಿಡಿದಿಡುವುದು ಮತ್ತು ಆವೇಗವನ್ನು ತಡೆಯುವುದು ಅವರಿಗೆ ಕಷ್ಟವಾಗುವುದೇ ಮೂಲ ಎಂದು ಪ್ರತಿಪಾದಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು ‘ಗಮನ ಕೊರತೆ’ ಎಂಬ ಹೆಸರನ್ನು ಸ್ವೀಕರಿಸಿತು. 1987ರಲ್ಲಿ ‘ಅತಿಚಟುವಟಿಕೆ’ಯೂ ಅದರೊಡನೆ ಸೇರಿತು.

ಹಾಗಾದರೆ ಕಸಿದುಕೊಳ್ಳುವ ಕೈಯ ಮಾತೇನು? 1983ರಲ್ಲಿ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪರ್ನರ್ ಎಂಬ ವಿದ್ವಾಂಸರು ಮಕ್ಕಳಿಗೆ ಒಂದು ಕಥೆ ಹೇಳಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋದಾಗ ತಾಯಿ ಅದನ್ನು ಇನ್ನೊಂದಕ್ಕೆ ಸಾಗಿಸುತ್ತಾಳೆ. ಮರಳಿ ಬಂದ ಹುಡುಗ ಎಲ್ಲಿ ಹುಡುಕುವನು? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟ್ ಈಗಿರುವ ಸ್ಥಳವನ್ನೇ ತೋರಿಸಿದರು. ತನಗೆ ತಿಳಿದಿರುವುದು ಇನ್ನೊಬ್ಬನಿಗೆ ತಿಳಿದಿರಲಾರದು ಎಂಬ ಅರಿವು ನಾಲ್ಕರ ಆಸುಪಾಸಿನಲ್ಲಿ ಮೊಳೆಯತೊಡಗುತ್ತದೆ. ತನ್ನ ಮೊದಲ ಆವೇಗವನ್ನು ತಡೆಯುವ ಶಕ್ತಿಗೂ ಈ ಅರಿವಿಗೂ ನಂಟಿದೆಯೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಕ್ಷಣಕಾಲ ನಿಲ್ಲಲಾರದ ಮಗು ಜೊತೆಗಾರನ ಮನಸ್ಸನ್ನು ಹೇಗೆ ಕಂಡೀತು?

ಆದುದರಿಂದ, ಓದುಗರೇ, ತೀರ್ಪಿಗೆ ಮುನ್ನ ನಾವೂ ಕ್ಷಣಕಾಲ ನಿಲ್ಲೋಣ. ಒಮ್ಮೆಗೆ ಒಂದೇ ಮಾತನ್ನು, ಚಿಕ್ಕದಾಗಿ, ಕಣ್ಣಿಗೆ ಕಣ್ಣಿಟ್ಟು ಹೇಳೋಣ. ತೊಡಕು ಮನೆಯಲ್ಲಿಯೂ ಶಾಲೆಯಲ್ಲಿಯೂ ತಿಂಗಳುಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣೋಣ. ನಾವಿಡುವ ಹೆಸರನ್ನು ಹೊತ್ತು ಬೆಳೆಯಬೇಕಾದವರು ನಾವಲ್ಲ, ಆ ಮಗು.