ಅಟ್ಟದ ಮೇಲಿನ ಗ್ರಾಮಫೋನ್ ಪ್ಲೇಟು: ಗುಜರಿಗೆ ಹಾಕುವ ಮುನ್ನ ಒಮ್ಮೆ ಆಲಿಸಿ

ಹಾವೇರಿ: ವರದಾ ನದಿ ದಂಡೆಯ ಹೊಸರಿತ್ತಿ, ಮೆಣಸಿನಕಾಯಿ ಪೇಟೆಯ ಬ್ಯಾಡಗಿ, ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರು. ಈ ಭಾಗದಿಂದ ಬಂದು ನಗರಗಳಲ್ಲಿ ನೆಲೆಸಿದವರು ಊರಿನ ಹಳೆಯ ಮನೆ ತೆರವುಗೊಳಿಸುವಾಗ ಪಾತ್ರೆ-ಪಗಡಗಳನ್ನು ಹಂಚಿಕೊಳ್ಳುತ್ತಾರೆ. ಅಟ್ಟದ ಮೇಲೆ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆಯೇನಾದರೂ ಇದ್ದರೆ ಅದು ಗುಜರಿ ಸೇರುವ ಸಂಭವವೇ ಹೆಚ್ಚು. ಹಾಗಾಗುವ ಮುನ್ನ ಇಡೀ ಸಂಗ್ರಹವನ್ನು ಕ್ರಮವಾಗಿ ಆಲಿಸುವುದು ಲೇಸು. ಪುಸ್ತಕಗಳಲ್ಲಿ ದೊರೆಯದ ಸಂಗೀತ ಚರಿತ್ರೆ ಅದರಲ್ಲಿ ಅಡಗಿರಬಹುದು.

ಒಂದು ಕಂಠ, ಎರಡು ಧ್ವನಿ

ಇದಕ್ಕೆ ಹಾವೇರಿ ಜಿಲ್ಲೆಯ ನಂಟಿರುವ ಉದಾಹರಣೆಯೇ ಇದೆ. 1913ರಲ್ಲಿ ಧಾರವಾಡದಲ್ಲಿ ಜನಿಸಿ, 2009ರಲ್ಲಿ ಹುಬ್ಬಳ್ಳಿಯಲ್ಲಿ ನಿಧನರಾದ ಗಂಗೂಬಾಯಿ ಅವರ ಹೆಸರಿನೊಡನೆ ಬೆಸೆದುಕೊಂಡದ್ದು ಈ ಜಿಲ್ಲೆಯ ಹಾನಗಲ್. 1930ರ ದಶಕದಲ್ಲಿ ಅವರು ಎಚ್‌ಎಂವಿ ಕಂಪನಿಗೆ ಹಾಡಿದ ಪ್ಲೇಟುಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದವು. ಆಗಿನ ಧ್ವನಿ ತೆಳು ಹಾಗೂ ಎತ್ತರದ್ದು. ಮುಂದೆ ಗಂಟಲಿನ ಚಿಕಿತ್ಸೆಯ ತರುವಾಯ ಅದು ಗಡುಸಾಯಿತು. ಇಂದಿನ ಕೇಳುಗರಿಗೆ ಪರಿಚಿತವಾದುದು ಈ ಎರಡನೆಯ ಧ್ವನಿ. ಮೊದಲನೆಯದಕ್ಕೆ ಮುಖ್ಯ ಸಾಕ್ಷಿ ಹಳೆಯ ಪ್ಲೇಟುಗಳೇ. 'ಗಾಂಧಾರಿ' ಯಾರೆಂದು ಅರಿಯದವರು ಆ ಪ್ಲೇಟನ್ನು ಅಪರಿಚಿತ ಗಾಯಕಿಯದೆಂದು ಬದಿಗಿಟ್ಟರೆ ಅಚ್ಚರಿಯಿಲ್ಲ.

ಅರಗಿನಿಂದ ವಿನೈಲ್‌ಗೆ

ಭಾರತದಲ್ಲಿ ಗ್ರಾಮಫೋನ್ ಪ್ಲೇಟುಗಳ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕೋಲ್ಕತ್ತದಲ್ಲಿ. ಫ್ರೆಡ್ ಗೈಸ್‌ಬರ್ಗ್ ಅಂದು ಮುದ್ರಿಸಿದವರಲ್ಲಿ ಪ್ರಮುಖರಾದ ಗೌಹರ್ ಜಾನ್, ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಅಲ್ಲಿಯೇ ನಿಧನರಾದರು. ಆಗಿನ ಪ್ಲೇಟುಗಳು ಅರಗಿನವು. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ 10 ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಸುಮಾರು 3 ನಿಮಿಷ ಮಾತ್ರ ಹಾಡಲು ಸಾಧ್ಯವಿತ್ತು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಕಲಾವಿದರು ಅಷ್ಟರಲ್ಲೇ ಅಡಕಗೊಳಿಸಬೇಕಿತ್ತು.

ವಿದೇಶದಲ್ಲಿ 1948ರಲ್ಲಿ 33⅓ ಸುತ್ತಿನ ವಿನೈಲ್ ಎಲ್‌ಪಿಯೂ, 1949ರಲ್ಲಿ 45 ಸುತ್ತಿನ ಚಿಕ್ಕ ಪ್ಲೇಟೂ ಬಂದವು. ಎಲ್‌ಪಿಯ ಒಂದು ಮಗ್ಗುಲಲ್ಲಿ 20 ನಿಮಿಷಕ್ಕೂ ಮೇಲ್ಪಟ್ಟು ಹಾಡಬಹುದಾದ್ದರಿಂದ ಖಯಾಲ್ ಗಾಯನಕ್ಕೆ ಅವಕಾಶ ದೊರೆಯಿತು. ಸಂಗ್ರಹವನ್ನು ಕಾಲಾನುಕ್ರಮದಲ್ಲಿ ಆಲಿಸಿದರೆ ಈ ಬದಲಾವಣೆ ಕಿವಿಗೇ ತಿಳಿಯುತ್ತದೆ.

ಆಲಿಸುವ ಕ್ರಮ

* ಮೊದಲು ಪ್ಲೇಟುಗಳನ್ನು ವಿಂಗಡಿಸಬೇಕು. ಅರಗಿನದು ಭಾರವಾಗಿದ್ದು, ಕೈಜಾರಿದರೆ ಒಡೆಯುತ್ತದೆ. ವಿನೈಲ್ ಹಗುರ, ತುಸು ಬಾಗುತ್ತದೆ.

* ಅರಗಿನ ಪ್ಲೇಟಿಗೆ ಸ್ಪಿರಿಟ್ ಅಥವಾ ಆಲ್ಕೊಹಾಲ್ ತಾಗಿಸಲೇಬಾರದು, ಅರಗು ಕರಗುತ್ತದೆ. ಧೂಳನ್ನು ಮೃದುವಾದ ಬ್ರಷ್‌ನಿಂದ ತೆಗೆಯಬೇಕು.

* ವಿನೈಲ್ ಪ್ಲೇಟನ್ನು ಕೀಲಿ ಕೊಡುವ ಹಳೆಯ ಯಂತ್ರದಲ್ಲಿ ಹಾಕಬಾರದು. ಅದರ ಉಕ್ಕಿನ ಮುಳ್ಳು ಗೆರೆಗಳನ್ನು ಕೊರೆದುಹಾಕುತ್ತದೆ. ಅರಗಿನ ಪ್ಲೇಟಿಗೆ ಆ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸುವುದು ಹಿಂದಿನಿಂದ ಬಂದ ನಿಯಮ. ವಿದ್ಯುತ್ ಟರ್ನ್‌ಟೇಬಲ್‌ನಲ್ಲಿ ಕೇಳುವುದಾದರೆ ಅರಗಿನ ಪ್ಲೇಟಿಗೂ ವಿನೈಲ್‌ಗೂ ಬೇರೆಬೇರೆ ಮುಳ್ಳು ಬೇಕು.

* ವೇಗ ಸರಿಯಿರಬೇಕು. ವೇಗ ಹೆಚ್ಚಿದರೆ ಶ್ರುತಿಯೂ ಏರುತ್ತದೆ. ಗಂಗೂಬಾಯಿಯವರಂತಹ ಕಲಾವಿದರ ಧ್ವನಿಯ ಬದಲಾವಣೆಯನ್ನು ಗುರುತಿಸಲು ಹೊರಟವರು ತಪ್ಪು ವೇಗದಲ್ಲಿ ಕೇಳಿದರೆ ತಪ್ಪು ನಿರ್ಣಯಕ್ಕೇ ಬಂದಾರು.

* ಲೇಬಲ್ ಮೇಲಿನ ಹೆಸರು, ರಾಗ, ಭಾಷೆ, ಪ್ಲೇಟಿನ ಸಂಖ್ಯೆ, ಲೇಬಲ್ ಸುತ್ತ ಕೊರೆದ ಅಂಕಿಗಳನ್ನು ವಹಿಯಲ್ಲಿ ಬರೆದಿಡಬೇಕು. ಇದು ಯಾರ ಪ್ಲೇಟು, ಮನೆಗೆ ಹೇಗೆ ಬಂತು ಎಂಬುದನ್ನು ಹಿರಿಯರು ಬಲ್ಲವರಾಗಿದ್ದರೆ ಅದನ್ನೂ ದಾಖಲಿಸಬೇಕು.

ಉಳಿಸುವ ಬಗೆ

ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಬಿಸಿಲು-ತೇವಗಳಿಂದ ದೂರವಿಡಬೇಕು. ಬೇಸಿಗೆಯಲ್ಲಿ ಹಂಚಿನ ಕೆಳಗಿನ ಅಟ್ಟ ಅವುಗಳಿಗೆ ಯೋಗ್ಯ ಸ್ಥಳವಲ್ಲ.

ಆಲಿಸುವಾಗಲೇ ಡಿಜಿಟಲ್ ಪ್ರತಿ ಮಾಡಿಕೊಳ್ಳುವುದು ಉತ್ತಮ. ಅದನ್ನು ಸಾರ್ವಜನಿಕವಾಗಿ ಹಂಚುವ ಮುನ್ನ ಕಾನೂನನ್ನು ಗಮನಿಸಬೇಕು. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕುಸ್ವಾಮ್ಯ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಸಾಹಿತ್ಯ ಹಾಗೂ ಸ್ವರಸಂಯೋಜನೆಯ ಹಕ್ಕು ಸಾಮಾನ್ಯವಾಗಿ ಕರ್ತೃ ತೀರಿಕೊಂಡ ನಂತರದ 60 ವರ್ಷಗಳವರೆಗೆ ಇರುತ್ತದೆ.

ಗೌಹರ್ ಜಾನ್ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಂಸ್ಥೆ ಇಂತಹ ಹಳೆಯ ಪ್ಲೇಟುಗಳನ್ನು ಸಂಗ್ರಹಿಸಿ ಡಿಜಿಟಲ್ ರೂಪಕ್ಕೆ ತಂದಿದೆ. ಅರಗಿನ ಪ್ಲೇಟು ಒಡೆದರೆ ಮತ್ತೆ ಕೂಡದು. ಆದ್ದರಿಂದ ಮನೆ ಮಾರುವ ಮಾತುಕತೆ ನಡೆದಿರುವ ಕುಟುಂಬಗಳು ಅಟ್ಟವನ್ನು ಒಮ್ಮೆ ಶೋಧಿಸುವುದು ಒಳಿತು.